ಒಬ್ಬ ವಿದ್ಯಾರ್ಥಿಯ ವ್ಯಾಜ್ಯ

2011ನೆಯ ಇಸವಿಯಲ್ಲಿ ಆಸ್ಟ್ರಿಯಾ ದೇಶದ ವಿಯೆನ್ನಾ ವಿಶ್ವವಿದ್ಯಾನಿಲಯದ ನ್ಯಾಯಶಾಸ್ತ್ರದ ವಿದ್ಯಾರ್ಥಿಯೊಬ್ಬನು ಕೆಲವು ತಿಂಗಳ ವ್ಯಾಸಂಗಕ್ಕೆಂದು ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಸಾಂಟಾ ಕ್ಲಾರಾ ವಿಶ್ವವಿದ್ಯಾನಿಲಯದಲ್ಲಿದ್ದನು. ಹೆಸರು ಮ್ಯಾಕ್ಸ್ ಶ್ರೆಮ್ಸ್; ವಯಸ್ಸು ಇಪ್ಪತ್ತಮೂರು; ಹುಟ್ಟೂರು ಸಾಲ್ಸ್‌ಬರ್ಗ್. ಆ ಪ್ರಾಂತದಲ್ಲಿ ಗಣಕಯಂತ್ರದ ಕಂಪೆನಿಗಳು ಮಲೆನಾಡಿನ ಅಡಕೆಯ ತೋಟಗಳಂತೆ ಒಂದನ್ನೊಂದು ಒತ್ತಿಕೊಂಡು ನಿಂತಿವೆ. ಖಾಸಗಿ ಜೀವನದ ರಕ್ಷಣೆಯನ್ನು ಕುರಿತ ಪಾಠದ ತರಗತಿಗೆ ಒಂದು ದಿನ ಫೇಸ್‌ಬುಕ್ ಎಂಬ ಕಂಪೆನಿಯ ವಕೀಲರೊಬ್ಬರು ಬಂದು ಮಾತನಾಡಿದರು. ಆ ಮಾತನ್ನು ಕೇಳಿದ ಶ್ರೆಮ್ಸನಿಗೆ, ಯೂರೋಪಿನ ಕಾಯಿದೆಯು ಏನನ್ನು ವಿಧಿಸಿದೆಯೆಂಬುದನ್ನು ಈ ಕಂಪೆನಿಯವರು ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಂಡಿಲ್ಲವೆಂದು ತೋರಿತು. ತರಗತಿಗೆ ಒಪ್ಪಿಸಬೇಕಾಗಿದ್ದ ಪ್ರಬಂಧಕ್ಕೆ ಅವನು ಅದನ್ನೇ ವಿಷಯವಾಗಿ ಆರಿಸಿಕೊಂಡನು. ವಿದ್ಯಾರ್ಥಿಗಳ ಪ್ರಬಂಧಗಳು ಸಾಮಾನ್ಯವಾಗಿ ಅಂಕಗಳನ್ನು ಪಡೆದು ಗೆದ್ದಲಿನ ಪಾಲಾಗತಕ್ಕುವು. ಈ ಪ್ರಬಂಧದಿಂದ ಹೊರಟ ವ್ಯಾಜ್ಯವಾದರೋ ಸುಮಾರು ನಾಲ್ಕು ವರ್ಷಗಳಲ್ಲಿ ಎರಡು ಖಂಡಗಳ ನಡುವಣ ವ್ಯವಸ್ಥೆಯೊಂದನ್ನು ಉರುಳಿಸಿತು. ಮತ್ತೆ ಐದು ವರ್ಷಗಳ ಮೇಲೆ ಅದರ ಸ್ಥಾನದಲ್ಲಿ ನಿಂತ ಇನ್ನೊಂದನ್ನೂ ಉರುಳಿಸಿತು.

ಈ ವೃತ್ತಾಂತವನ್ನು ಮೊದಲಿನಿಂದ ತಿಳಿಯಬೇಕಾದರೆ ನೂರಿಪ್ಪತ್ತು ವರ್ಷಗಳಷ್ಟು ಹಿಂದಕ್ಕೆ ಸರಿಯಬೇಕು. 1888ನೆಯ ಇಸವಿಯಲ್ಲಿ ಅಮೆರಿಕದ ರಾಚೆಸ್ಟರ್ ನಗರದ ಜಾರ್ಜ್ ಈಸ್ಟ್‌ಮನ್ ಎಂಬಾತನು ಕೊಡಾಕ್ ಎಂಬ ಕೈ ಕ್ಯಾಮೆರಾವನ್ನು ಮಾರಾಟಕ್ಕೆ ತಂದನು. ಬೆಲೆ 25 ಡಾಲರು. ಒಳಗೆ ನೂರು ಚಿತ್ರಗಳಿಗಾಗುವಷ್ಟು ಫಿಲ್ಮು. ಅದಕ್ಕೆ ಮೊದಲು ಛಾಯಾಚಿತ್ರವೆಂದರೆ ಮುಕ್ಕಾಲಿಯ ಮೇಲೆ ಪೆಟ್ಟಿಗೆಯನ್ನು ನಿಲ್ಲಿಸಿ, ಕರಿಯ ಬಟ್ಟೆ ಹೊದ್ದು, ಎದುರಿಗೆ ಕುಳಿತವರು ಉಸಿರು ಹಿಡಿದಿರುವಂತೆ ಮಾಡಿ ತೆಗೆಯುವ ವಿದ್ಯೆಯಾಗಿತ್ತು. ಕುಳಿತವನ ಸಮ್ಮತಿಯಿಲ್ಲದೆ ಅದು ನಡೆಯುವಂತಿರಲಿಲ್ಲ. ಕೊಡಾಕ್ ಬಂದ ಮೇಲೆ ಬೀದಿಯಲ್ಲಿ ಹೋಗುವವನ ಮುಖವನ್ನು ಅವನಿಗೆ ತಿಳಿಯದಂತೆಯೇ ಹಿಡಿದುಬಿಡಬಹುದಾಯಿತು. ಇಲ್ಲಿ ಇನ್ನೂ ಒಂದು ಸಂಗತಿಯುಂಟು. ನೂರು ಚಿತ್ರಗಳು ಮುಗಿದ ಮೇಲೆ ಪೆಟ್ಟಿಗೆಯನ್ನೇ ರಾಚೆಸ್ಟರಿನ ಕಾರ್ಖಾನೆಗೆ ಕಳುಹಿಸಬೇಕಾಗಿತ್ತು. 10 ಡಾಲರು ಪಡೆದು ಅವರು ಚಿತ್ರಗಳನ್ನು ತೊಳೆದು, ಹೊಸ ಫಿಲ್ಮು ತುಂಬಿ ಹಿಂದಿರುಗಿಸುತ್ತಿದ್ದರು. ಗುಂಡಿಯನ್ನು ಒತ್ತುವುದಷ್ಟೇ ಕೊಂಡವನ ಕೆಲಸ, ಮಿಕ್ಕುದೆಲ್ಲವೂ ಕಂಪೆನಿಯದು ಎಂಬುದೇ ಆ ವ್ಯಾಪಾರದ ಸೊಗಸು. ಕುಟುಂಬದ ಚಿತ್ರಗಳು ಮನೆಗೆ ಬರುವುದಕ್ಕೆ ಮೊದಲು ಅಪರಿಚಿತರ ಕೈಯಲ್ಲಿ ಹಾದು ಬರುತ್ತಿದ್ದುದು ಆಗ ಯಾರಿಗೂ ದೊಡ್ಡ ಮಾತಾಗಿ ಕಾಣಲಿಲ್ಲವೆಂದು ತೋರುತ್ತದೆ.

ಹಿಡಿಯುವವನ ಕಡೆಯಿಂದಲ್ಲದೆ ಹಿಡಿಯಲ್ಪಟ್ಟವನ ಕಡೆಯಿಂದ ಈ ಪ್ರಶ್ನೆಯನ್ನು ನೋಡಿದವರು ಬಾಸ್ಟನ್ ನಗರದ ಇಬ್ಬರು ತರುಣ ವಕೀಲರು: ಸ್ಯಾಮ್ಯುಯೆಲ್ ವಾರನ್ ಮತ್ತು ಲೂಯಿ ಬ್ರಾಂಡೈಸ್. ಇಬ್ಬರೂ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 1877ರಲ್ಲಿ ಒಟ್ಟಿಗೆ ಪದವಿ ಪಡೆದವರು. ಬ್ರಾಂಡೈಸನ ತಾಯಿತಂದೆಗಳು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಪ್ರಾಗ್ ನಗರದಿಂದ ವಲಸೆ ಬಂದವರೆಂಬುದು ಈ ಕಥೆಯ ಆದ್ಯಂತಗಳನ್ನು ಸೇರಿಸುವ ಒಂದು ಆಕಸ್ಮಿಕ. 1890ನೆಯ ಇಸವಿ ಡಿಸೆಂಬರ್ 15ರಂದು, ವಿದ್ಯಾರ್ಥಿಗಳೇ ನಡೆಸುತ್ತಿದ್ದ ಹಾರ್ವರ್ಡ್ ಲಾ ರಿವ್ಯೂ ಎಂಬ ಪತ್ರಿಕೆಯಲ್ಲಿ ಖಾಸಗಿತನದ ಹಕ್ಕನ್ನು ಕುರಿತ ಇವರ ಲೇಖನ ಪ್ರಕಟವಾಯಿತು. ವಾರನ್ನನ ಮಗಳ ಮದುವೆಯ ಸುದ್ದಿಯನ್ನು ಪತ್ರಿಕೆಗಳು ಬೀದಿಗೆಳೆದುದರಿಂದ ಕೋಪಗೊಂಡು ಇದನ್ನು ಬರೆದರೆಂದು ಒಂದು ಕಥೆ ಪ್ರಚಾರದಲ್ಲಿದೆ. ವಾರನ್ನನಿಗೆ ಮದುವೆಯಾದುದೇ 1883ರಲ್ಲಿ. ಏಳು ವರ್ಷಗಳಲ್ಲಿ ಮಗಳು ಮದುಮಗಳಾಗುವುದು ಹೇಗೆ? ರುಚಿಯಾದ ಕಥೆಗೆ ಲೆಕ್ಕದ ಹಂಗಿಲ್ಲ.

ಲೇಖನದ ವಾದವು ಬಹು ಜಾಣ್ಮೆಯದು. ಹೊಸ ಹಕ್ಕನ್ನು ಸೃಷ್ಟಿಸಬೇಕೆಂದು ಅವರು ಕೇಳಲಿಲ್ಲ. ಹಳೆಯ ತೀರ್ಪುಗಳ ಒಡಲಿನಲ್ಲಿ ಅದು ಹುದುಗಿಯೇ ಇದೆಯೆಂದರು. ಒಬ್ಬನು ಬರೆದ ಕಾಗದವು ಇನ್ನೊಬ್ಬನ ಕೈ ಸೇರಿದ ಮೇಲೆ ಹಾಳೆಯು ಪಡೆದವನ ಸ್ವತ್ತಾದರೂ, ಅದನ್ನು ಅಚ್ಚು ಹಾಕಿಸುವ ಅಧಿಕಾರ ಬರೆದವನಲ್ಲಿಯೇ ಉಳಿಯುವುದೆಂದು ಇಂಗ್ಲಿಷ್ ನ್ಯಾಯಸ್ಥಾನಗಳು ಬಹು ಹಿಂದೆಯೇ ಹೇಳಿದ್ದುವು. ವಿಕ್ಟೋರಿಯಾ ರಾಣಿಯೂ ಆಕೆಯ ಪತಿ ಆಲ್ಬರ್ಟನೂ ವಿನೋದಕ್ಕೆಂದು ಕೆತ್ತಿದ ಚಿತ್ರಗಳ ಪ್ರತಿಗಳನ್ನು ಸ್ಟ್ರೇಂಜ್ ಎಂಬುವನು ಪ್ರದರ್ಶನಕ್ಕಿಡಲು ಹೊರಟಾಗ 1849ರಲ್ಲಿ ನ್ಯಾಯಸ್ಥಾನವು ತಡೆಯಿತು. ಇವೆಲ್ಲವೂ ಆಸ್ತಿಯ ಹೆಸರಿನಲ್ಲಿ ನಡೆದ ವ್ಯಾಜ್ಯಗಳು; ನಿಜವಾಗಿ ರಕ್ಷಿಸಲ್ಪಟ್ಟುದು ಮನುಷ್ಯನು ತನ್ನ ಪಾಡಿಗೆ ತಾನಿರುವ ಹಕ್ಕೇ ಎಂಬುದು ಲೇಖಕರ ತರ್ಕ. ಆ ಮಾತಿನ ಮೂಲವು ಕೂಲಿ ಎಂಬ ನ್ಯಾಯಾಧೀಶನದೆಂಬುದನ್ನು ಅವರೇ ಒಪ್ಪಿಕೊಂಡಿದ್ದಾರೆ.

ಈ ತರ್ಕಕ್ಕೆ ನ್ಯಾಯಸ್ಥಾನಗಳು ಕೂಡಲೇ ತಲೆದೂಗಲಿಲ್ಲ. ಅದೇ ರಾಚೆಸ್ಟರ್ ನಗರದ ಹದಿಹರೆಯದ ಹುಡುಗಿಯೊಬ್ಬಳ ಚಿತ್ರವನ್ನು ಒಂದು ಹಿಟ್ಟಿನ ಗಿರಣಿಯವರು ಆಕೆಯನ್ನು ಕೇಳದೆಯೇ 25,000 ಜಾಹೀರಾತುಗಳ ಮೇಲೆ ಅಚ್ಚು ಹಾಕಿಸಿ ಅಂಗಡಿಗಳಲ್ಲಿಯೂ ಪಾನಗೃಹಗಳಲ್ಲಿಯೂ ಅಂಟಿಸಿದರು. ನಾಚಿಕೆಯಿಂದ ಹಾಸಿಗೆ ಹಿಡಿದ ಹುಡುಗಿಯು ನ್ಯಾಯ ಕೇಳಿದಾಗ, 1902ರಲ್ಲಿ ನ್ಯೂಯಾರ್ಕಿನ ಅತ್ಯುಚ್ಚ ನ್ಯಾಯಸ್ಥಾನವು ಮೂವರ ವಿರುದ್ಧ ನಾಲ್ವರ ಮತದಿಂದ, ಇಂಥ ಹಕ್ಕೇ ಇಲ್ಲವೆಂದು ತೀರ್ಪಿತ್ತಿತು. ಜನರು ರೊಚ್ಚಿಗೆದ್ದರು, ಮರುವರ್ಷವೇ ಶಾಸನಸಭೆಯು ಕಾಯಿದೆ ಮಾಡಿತು.

ಯೂರೋಪು ಈ ಪ್ರಶ್ನೆಗೆ ಬಂದುದು ಬೇರೊಂದು ದಾರಿಯಿಂದ. ಅಲ್ಲಿನ ಭೀತಿಗೆ ಮೂಲವು ಕ್ಯಾಮೆರಾ ಅಲ್ಲ, ದಫ್ತರ. ಹಾಲೆಂಡ್ ದೇಶದ ನಗರಗಳಲ್ಲಿ ಪ್ರತಿಯೊಬ್ಬ ನಿವಾಸಿಯ ಹೆಸರು, ವಿಳಾಸ, ಜನ್ಮದಿನ, ಮತ ಇವೆಲ್ಲವನ್ನೂ ಬರೆದ ಚೀಟಿಗಳ ದಫ್ತರಗಳು ಬಹು ಅಚ್ಚುಕಟ್ಟಾಗಿದ್ದುವು. ಊರಿನ ಆಡಳಿತಕ್ಕೆಂದು ಸದುದ್ದೇಶದಿಂದ ಮಾಡಿದ ಏರ್ಪಾಡು ಅದು. 1940ರಲ್ಲಿ ಜರ್ಮನರು ದೇಶವನ್ನಾಕ್ರಮಿಸಿದಾಗ ಯೆಹೂದ್ಯರ ಮನೆಗಳನ್ನು ಹುಡುಕಲು ಅವರು ಬೀದಿ ಬೀದಿ ಅಲೆಯಬೇಕಾಗಲಿಲ್ಲ. ಚೀಟಿಗಳನ್ನು ಆರಿಸಿಕೊಂಡರೆ ಸಾಕಾಯಿತು. 1943ನೆಯ ಇಸವಿ ಮಾರ್ಚ್ 27ರ ರಾತ್ರಿ ಕೆಲವು ಮಂದಿ ಕಲಾವಿದರೂ ವಿದ್ಯಾರ್ಥಿಗಳೂ ಪೋಲೀಸರ ವೇಷದಲ್ಲಿ ಆಮ್‌ಸ್ಟರ್‌ಡ್ಯಾಮಿನ ಆ ಕಚೇರಿಯೊಳಕ್ಕೆ ನುಗ್ಗಿ ಮದ್ದಿಟ್ಟು ಸುಡಿಸಿದರು. ಒತ್ತೊತ್ತಾಗಿ ಜೋಡಿಸಿದ ಕಾಗದ ಬೇಗ ಉರಿಯುವುದಿಲ್ಲ. ದಫ್ತರದ ಒಂದಂಶ ಮಾತ್ರ ನಾಶವಾಯಿತು. ಸಿಕ್ಕಿಬಿದ್ದವರಲ್ಲಿ ಹನ್ನೆರಡು ಮಂದಿಯನ್ನು ಆ ಜುಲೈ ತಿಂಗಳಿನಲ್ಲಿ ಗುಂಡಿಟ್ಟು ಕೊಂದರು. ಹಾಲೆಂಡಿನ ಯೆಹೂದ್ಯರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಯುದ್ಧ ಮುಗಿಯುವಷ್ಟರಲ್ಲಿ ಹತರಾಗಿದ್ದರು. ಮುಚ್ಚಿಡತಕ್ಕುದು ಏನೂ ಇಲ್ಲದವನಿಗೆ ಭಯವೇಕೆ ಎಂದು ಇಂದೂ ಕೇಳುವವರುಂಟು. ಆ ಚೀಟಿಗಳಲ್ಲಿದ್ದವರಲ್ಲಿ ಯಾರೂ ಏನನ್ನೂ ಮುಚ್ಚಿಟ್ಟವರಲ್ಲ. ಕೇಳಿದ ಅಧಿಕಾರಿಗೆ ಸತ್ಯವನ್ನೇ ಬರೆಸಿದವರು.

ಯುದ್ಧಾನಂತರ ಗಣಕಯಂತ್ರವು ಸರಕಾರಿ ಕಚೇರಿಗಳನ್ನು ಹೊಕ್ಕ ಕೂಡಲೇ ಆ ಖಂಡದಲ್ಲಿ ಹಳೆಯ ಗಾಯವು ನೋಯತೊಡಗಿದುದು ಸಹಜ. ಜರ್ಮನಿಯ ಹೆಸ್ಸೆ ಪ್ರಾಂತವು 1970ರಲ್ಲಿ ಇಂಥ ದಾಖಲೆಗಳ ರಕ್ಷಣೆಗೆ ಕಾಯಿದೆ ಮಾಡಿತು. ಪ್ರಪಂಚದಲ್ಲಿ ಅದೇ ಮೊದಲನೆಯದು. 1983ರಲ್ಲಿ ಪಶ್ಚಿಮ ಜರ್ಮನಿಯ ಜನಗಣತಿಗೆ ಜನ ತಿರುಗಿ ಬಿದ್ದಾಗ, ತನ್ನ ವಿವರಗಳು ಯಾರ ಕೈ ಸೇರಬೇಕು, ಯಾವ ಕಾರ್ಯಕ್ಕೆ ಬಳಕೆಯಾಗಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ ಆಯಾ ವ್ಯಕ್ತಿಯದೇ ಎಂದು ಅಲ್ಲಿನ ಸಂವಿಧಾನ ನ್ಯಾಯಸ್ಥಾನವು ಸಾರಿತು. ಈ ವಿಚಾರಗಳೆಲ್ಲ ಕೂಡಿ 1995ರಲ್ಲಿ ಯೂರೋಪು ಒಕ್ಕೂಟದ ನಿಯಮಾವಳಿಯಾದುವು. ಅದರಲ್ಲಿ ಎರಡು ವಿಧಿಗಳು ಈ ಕಥೆಗೆ ಮುಖ್ಯ. ಮೊದಲನೆಯದು, ತನ್ನ ವಿಷಯವಾಗಿ ಏನೇನು ಬರೆದಿಟ್ಟಿದ್ದೀರಿ ಎಂದು ಯಾವನಾದರೂ ಕೇಳಿದರೆ ದಫ್ತರದವನು ತೋರಿಸಲೇ ಬೇಕೆಂಬುದು. ಎರಡನೆಯದು, ತಕ್ಕ ರಕ್ಷಣೆಯಿಲ್ಲದ ಪರದೇಶಕ್ಕೆ ಈ ವಿವರಗಳನ್ನು ಸಾಗಿಸಬಾರದೆಂಬುದು. ಅಮೆರಿಕದಲ್ಲಿ ಇಂಥ ಸಾಮಾನ್ಯ ಕಾಯಿದೆಯೇ ಇರಲಿಲ್ಲವಾದ್ದರಿಂದ ವ್ಯಾಪಾರವು ನಿಲ್ಲುವ ಸ್ಥಿತಿ ಬಂತು. ಆಗ ಒಂದು ಉಪಾಯವನ್ನು ಕಂಡುಹಿಡಿದರು: ಸುರಕ್ಷಿತ ಬಂದರು ಎಂಬ ಅರ್ಥದ ಹೆಸರಿನ 2000ನೆಯ ಇಸವಿಯ ಏರ್ಪಾಡು. ಅದರಂತೆ ಅಮೆರಿಕದ ಕಂಪೆನಿಯು ತಾನು ನಿಯಮಗಳನ್ನು ಪಾಲಿಸುತ್ತೇನೆಂದು ತಾನೇ ಘೋಷಿಸಿಕೊಂಡರೆ ಸಾಕು.

ಇಷ್ಟರಲ್ಲಿ ಹಾರ್ವರ್ಡಿನಲ್ಲಿ ಇನ್ನೊಬ್ಬ ವಿದ್ಯಾರ್ಥಿಯು ತಲೆಯೆತ್ತಿದ್ದನು. 2003ನೆಯ ಇಸವಿಯ ಕಡೆಯ ಭಾಗದಲ್ಲಿ ಮಾರ್ಕ್ ಜುಕರ್‌ಬರ್ಗ್ ಎಂಬ ಆ ತರುಣನು ವಿದ್ಯಾರ್ಥಿನಿಲಯಗಳ ಅಂತರಜಾಲದ ಪುಟಗಳಿಂದ ಸಹಪಾಠಿಗಳ ಭಾವಚಿತ್ರಗಳನ್ನು ಅವರ ಅಪ್ಪಣೆಯಿಲ್ಲದೆ ಎತ್ತಿಕೊಂಡು, ಎರಡೆರಡನ್ನು ಅಕ್ಕಪಕ್ಕದಲ್ಲಿಟ್ಟು, ಇವರಲ್ಲಿ ಯಾರು ಚೆಲುವರೆಂದು ನೋಡುವವರಿಂದ ಮತ ಹಾಕಿಸಿದನು. ಕೆಲವೇ ದಿನಗಳಲ್ಲಿ ಆಟ ನಿಂತಿತು. ವಿಶ್ವವಿದ್ಯಾನಿಲಯದ ಶಿಸ್ತಿನ ಮಂಡಲಿಯೆದುರಿಗೆ ಅವನ ಮೇಲೆ ಬಂದ ಆಪಾದನೆಗಳಲ್ಲಿ ವ್ಯಕ್ತಿಗಳ ಖಾಸಗಿತನದ ಭಂಗವೂ ಒಂದು. ವಾರನ್ ಬ್ರಾಂಡೈಸರ ಲೇಖನವು ಅಚ್ಚಾದ ಅದೇ ವಿದ್ಯಾಪೀಠದಲ್ಲಿ, ಅದೇ ಹಕ್ಕಿನ ಹೆಸರಿನಲ್ಲಿ! ತರುಣನನ್ನು ಹೊರಗೆ ಹಾಕಲಿಲ್ಲ. 2004ರ ಫೆಬ್ರವರಿ 4ರಂದು ಅವನು ಫೇಸ್‌ಬುಕ್ಕನ್ನು ತೆರೆದನು. ಈ ಸಲ ಚಿತ್ರಗಳನ್ನು ಕದಿಯಬೇಕಾಗಲಿಲ್ಲ; ಜನರೇ ಸಂತೋಷದಿಂದ ತಂದೊಪ್ಪಿಸಿದರು. 2011ರ ಹೊತ್ತಿಗೆ ಸದಸ್ಯರ ಸಂಖ್ಯೆ ಸುಮಾರು 80 ಕೋಟಿ.

ತೆರಿಗೆಯ ಅನುಕೂಲ ಮೊದಲಾದ ಕಾರಣಗಳಿಂದ ಆ ಕಂಪೆನಿಯು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಒಂದು ಶಾಖೆಯನ್ನು ಸ್ಥಾಪಿಸಿ, ಅಮೆರಿಕ ಮತ್ತು ಕೆನಡಾ ಹೊರತು ಪ್ರಪಂಚದ ಮಿಕ್ಕೆಲ್ಲ ಸದಸ್ಯರೊಡನೆ ಆ ಶಾಖೆಯ ಹೆಸರಿನಲ್ಲಿ ಕರಾರು ಮಾಡಿಕೊಂಡಿತ್ತು. ಧಾರವಾಡದಲ್ಲಿ ಕುಳಿತು ಮೊಮ್ಮಗನ ನಾಮಕರಣದ ಚಿತ್ರವನ್ನು ಹಾಕಿದವರು ಕೂಡ ಆ ಕಾಲದಲ್ಲಿ, ತಮಗೆ ತಿಳಿಯದಂತೆಯೇ, ಐರಿಷ್ ಕಂಪೆನಿಯೊಂದರ ಗಿರಾಕಿಗಳಾಗಿದ್ದರು. ಲಾಭಕ್ಕೆಂದು ಮಾಡಿದ ಈ ಏರ್ಪಾಡು ಯೂರೋಪಿನ ಕಾಯಿದೆಯನ್ನೂ ತಾನಾಗಿ ಮನೆಯೊಳಕ್ಕೆ ಕರೆದುತಂದಿತ್ತು. ಇದನ್ನು ಗಮನಿಸಿದವನು ಶ್ರೆಮ್ಸ್.

ಅವನು ಮಾಡಿದ ಕೆಲಸವು ಬಹು ಸರಳವಾದುದು: ಕಾಯಿದೆಯಲ್ಲಿ ಕೇಳಬಹುದೆಂದಿದೆ, ಕೇಳಿದನು. ಕೆಲವು ಪತ್ರಗಳ ತರುವಾಯ ಕಂಪೆನಿಯು ಒಂದು ತಟ್ಟೆಯನ್ನು ಕಳುಹಿಸಿತು. ಅದರಲ್ಲಿದ್ದುದು 1,222 ಪುಟಗಳು. ಮೂರು ವರ್ಷಗಳಷ್ಟು ಕಾಲ, ಅದೂ ಬಿಡುವಿನ ವೇಳೆಯಲ್ಲಿ, ಆ ಸೇವೆಯನ್ನು ಬಳಸಿದ್ದ ವಿದ್ಯಾರ್ಥಿಯೊಬ್ಬನ ಚರಿತ್ರೆ. ಯಾವಾಗ ಒಳಹೊಕ್ಕನು, ಯಾರನ್ನು ಸ್ನೇಹಿತನೆಂದು ಸ್ವೀಕರಿಸಿದನು, ಯಾರನ್ನು ತಿರಸ್ಕರಿಸಿದನು, ಯಾವ ಸಮಾರಂಭದ ಕರೆಗೆ ಉತ್ತರವನ್ನೇ ಕೊಡಲಿಲ್ಲ ಎಂಬುವೆಲ್ಲ ಅಲ್ಲಿದ್ದುವು. ಅವನು ತಾನಾಗಿ ಎಂದೂ ಕೊಡದಿದ್ದ ಮಿಂಚಂಚೆಯ ವಿಳಾಸಗಳೂ ಇದ್ದುವು. ಸ್ನೇಹಿತರ ವಿಳಾಸಪುಸ್ತಕಗಳ ಮೂಲಕ ಅವು ಸೇರಿದ್ದುವು. ಎಲ್ಲಕ್ಕಿಂತ ಅವನನ್ನು ಬೆರಗುಗೊಳಿಸಿದುದು ಅಳಿಸಿಹಾಕಿದ ಸಂದೇಶಗಳು. ಅಳಿಸಲಾಗಿದೆ ಎಂಬ ಗುರುತನ್ನು ಹೊತ್ತು ಅವು ಹಾಗೆಯೇ ಕುಳಿತಿದ್ದುವು.

ಈ ಒಂದು ಸಂಗತಿಯ ಬಳಿ ಸ್ವಲ್ಪ ನಿಲ್ಲಬೇಕಾಗಿದೆ. ಕನ್ನಡನಾಡಿನ ಮನೆಗಳಲ್ಲಿ ಬಂದ ಕಾಗದಗಳನ್ನೆಲ್ಲ ತಂತಿಗೆ ಪೋಣಿಸಿ ತೂಗುಹಾಕುವ ವಾಡಿಕೆಯಿತ್ತು. ಸಾವಿನ ಸುದ್ದಿಯನ್ನು ತಂದ ಕಾಗದವನ್ನು ಮಾತ್ರ ಓದಿದೊಡನೆಯೇ ಹರಿದು ಹಾಕುತ್ತಿದ್ದರು. ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಕಳೆಯಬೇಕು ಎಂಬ ವಿವೇಕವು ಮನೆಯವರದಾಗಿತ್ತು. ಜಗಳವಾಡಿ ಬರೆದ ಪತ್ರವನ್ನು ಒಲೆಗೆ ಹಾಕಿದರೆ ಜಗಳವೂ ಅರ್ಧ ಸುಟ್ಟಂತೆ. ಮನುಷ್ಯರು ಒಬ್ಬರನ್ನೊಬ್ಬರು ಸಹಿಸಿಕೊಂಡು ಬಾಳುವುದರಲ್ಲಿ ಮರೆವಿನ ಪಾಲು ಚಿಕ್ಕದಲ್ಲ. ಈ ಹೊಸ ದಫ್ತರದಲ್ಲಾದರೋ ಹರಿದ ಕಾಗದವು, ಹರಿದುದೆಂಬ ಷರಾದೊಡನೆ, ಇನ್ನೊಬ್ಬರ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ. ಕನ್ನಡದಲ್ಲಿ ಖಾಸಗಿ ಎಂಬುದಕ್ಕೂ ಗುಟ್ಟು ಎಂಬುದಕ್ಕೂ ಭೇದವುಂಟು. ಗುಟ್ಟು ರಟ್ಟಾದರೆ ಮರ್ಯಾದೆ ಹೋಗುವುದು. ಖಾಸಗಿಯಾದುದು ಹೊರಬಿದ್ದರೆ ಮರ್ಯಾದೆ ಹೋಗಬೇಕೆಂದಿಲ್ಲ, ಆದರೂ ಅದು ತನ್ನದಾಗಿ ಉಳಿಯುವುದಿಲ್ಲ. ಆ 1,222 ಪುಟಗಳಲ್ಲಿ ಗುಟ್ಟು ಎನ್ನತಕ್ಕುದು ಅಲ್ಪವೇ ಇದ್ದಿರಬಹುದು.

ಶ್ರೆಮ್ಸನು 2011ರ ಆಗಸ್ಟಿನಲ್ಲಿ ಐರ್ಲೆಂಡಿನ ದತ್ತರಕ್ಷಣೆಯ ಆಯುಕ್ತರಿಗೆ ಹದಿನಾರು ಫಿರ್ಯಾದುಗಳನ್ನೂ ಸೆಪ್ಟೆಂಬರಿನಲ್ಲಿ ಮತ್ತಾರನ್ನೂ ಸಲ್ಲಿಸಿದನು. ಪ್ರಪಂಚದ ಅತಿ ದೊಡ್ಡ ಕಂಪೆನಿಗಳ ಮೇಲ್ವಿಚಾರಣೆ ಮಾಡಬೇಕಾಗಿದ್ದ ಆ ಕಚೇರಿಯು ಆಗ ಪೋರ್ಟಾರ್ಲಿಂಗ್ಟನ್ ಎಂಬ ಸಣ್ಣ ಊರಿನಲ್ಲಿ, ದಿನಸಿ ಅಂಗಡಿಯೊಂದಕ್ಕೆ ಅಂಟಿಕೊಂಡ ಕಟ್ಟಡದಲ್ಲಿ, ಕೆಲವೇ ಮಂದಿ ಗುಮಾಸ್ತರೊಡನೆ ನಡೆಯುತ್ತಿತ್ತು. ಆದರೂ ತನಿಖೆ ನಡೆಯಿತು. 2011ರ ಡಿಸೆಂಬರಿನಲ್ಲಿ ವರದಿ ಹೊರಬಿತ್ತು. 2012ರ ಫೆಬ್ರವರಿಯಲ್ಲಿ ಕಂಪೆನಿಯ ಪ್ರತಿನಿಧಿಗಳು ವಿಯೆನ್ನಾಕ್ಕೆ ಬಂದು ಈ ವಿದ್ಯಾರ್ಥಿಯೊಡನೆ ಆರು ಗಂಟೆಗಳ ಕಾಲ ಮಾತನಾಡಿದರು. ಮುಖವನ್ನು ಗುರುತಿಸುವ ಯಂತ್ರವನ್ನು ಆ ವರ್ಷ ಯೂರೋಪಿನಲ್ಲಿ ನಿಲ್ಲಿಸಿದರು. ಆದರೆ ಮೂಲ ಫಿರ್ಯಾದುಗಳು ಹಾಗೆಯೇ ಉಳಿದುವು. ಕಾಯಿದೆಯಂತೆ ಸ್ಪಷ್ಟ ನಿರ್ಣಯವನ್ನು ಪಡೆಯಲು ಅವನು ವರ್ಷಗಟ್ಟಲೆ ಅಲೆದನು.

ಶ್ರೆಮ್ಸನು ಯಂತ್ರದ್ವೇಷಿಯಲ್ಲ, ಫೇಸ್‌ಬುಕ್ಕಿನ ಸದಸ್ಯತ್ವವನ್ನು ಅವನು ಬಿಡಲೂ ಇಲ್ಲ. ಬಿಡಬೇಕಾದುದು ಸೇವೆಯಲ್ಲ, ಕಾಯಿದೆಯನ್ನು ಮೀರುವ ಪದ್ಧತಿಯೆಂಬುದು ಅವನ ಪಕ್ಷ. ಇಷ್ಟವಿಲ್ಲದವನು ಬಳಸದಿರಲಿ ಎಂಬ ಉತ್ತರವನ್ನು ಆ ದಿನಗಳಲ್ಲಿ ಅನೇಕರು ಕೊಟ್ಟರು. ಹೋಟೆಲಿಗೆ ಊಟಕ್ಕೆ ಹೋದವನು ಮೊದಲು ಅಡಿಗೆಮನೆಯನ್ನು ಹೊಕ್ಕು ಎಣ್ಣೆಯನ್ನು ಪರೀಕ್ಷಿಸಿ ಬರಲಿ, ಇಲ್ಲವಾದರೆ ಉಪವಾಸವಿರಲಿ ಎಂದಂತಾಯಿತು ಇದು. ನಗರಸಭೆಯ ಆರೋಗ್ಯಾಧಿಕಾರಿ ಇರುವುದು ಮತ್ತೇತಕ್ಕೆ? ಹತ್ತಾರು ಪುಟಗಳ ನಿಬಂಧನೆಗಳ ಕೆಳಗೆ ಒತ್ತಿದ ಒಂದು ಗುರುತನ್ನು ಸಮ್ಮತಿಯೆಂದು ಕರೆಯುವುದನ್ನೂ ಅವನು ಒಪ್ಪಲಿಲ್ಲ. ಕೊಡಾಕಿನ ಗುಂಡಿಗೂ ಈ ಗುಂಡಿಗೂ ಇರುವ ವ್ಯತ್ಯಾಸವಿಷ್ಟೇ: ಅಂದು ಚಿತ್ರಗಳು ತೊಳೆದು ಹಿಂದಕ್ಕೆ ಬರುತ್ತಿದ್ದುವು.

2013ನೆಯ ಇಸವಿ ಜೂನ್ ತಿಂಗಳಿನಲ್ಲಿ ವ್ಯಾಜ್ಯದ ರೂಪವೇ ಬದಲಾಯಿತು. ಅಮೆರಿಕದ ಬೇಹುಗಾರಿಕೆಯ ಇಲಾಖೆಗೆ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡನ್ ಎಂಬಾತನು, ಫೇಸ್‌ಬುಕ್ ಮೊದಲಾದ ಕಂಪೆನಿಗಳಲ್ಲಿರುವ ಪರದೇಶದವರ ವಿವರಗಳನ್ನು ಆ ಇಲಾಖೆಯು ಪಡೆಯುತ್ತಿದೆಯೆಂದು ತೋರಿಸುವ ಪತ್ರಗಳನ್ನು ಹೊರಗೆಡವಿದನು. ಅದೇ ತಿಂಗಳು ಶ್ರೆಮ್ಸನು ತನ್ನ ಇಪ್ಪತ್ತಮೂರನೆಯ ಫಿರ್ಯಾದನ್ನು ಸಲ್ಲಿಸಿದನು: ವಿಷಯ ಹೀಗಿರುವಾಗ ಡಬ್ಲಿನ್ನಿನಿಂದ ಅಮೆರಿಕಕ್ಕೆ ತನ್ನ ವಿವರಗಳನ್ನು ಸಾಗಿಸುವುದನ್ನು ನಿಲ್ಲಿಸಬೇಕು. ಸುರಕ್ಷಿತ ಬಂದರಿನ ಏರ್ಪಾಡು ಇರುವ ತನಕ ತನಗೆ ಕೈಹಾಕಲು ಅಧಿಕಾರವಿಲ್ಲವೆಂದು ಆಯುಕ್ತರು ಅದನ್ನು ತಳ್ಳಿಹಾಕಿದರು. ಹುರುಳಿಲ್ಲದ, ಕಿರುಕುಳದ ಅರ್ಜಿ ಎಂಬ ಕಾಯಿದೆಯ ಮಾತನ್ನೇ ಅದಕ್ಕೆ ಹಚ್ಚಿದರು. ವಿದ್ಯಾರ್ಥಿಯು ಹೈಕೋರ್ಟಿಗೆ ಹೋದನು. ಅಲ್ಲಿ ನ್ಯಾಯಮೂರ್ತಿ ಜೆರಾರ್ಡ್ ಹೋಗನ್ನರು, ವಾಸದ ಮನೆಯು ಅಭೇದ್ಯವೆಂದು ಸಾರುವ ಐರಿಷ್ ಸಂವಿಧಾನದ ವಿಧಿಯನ್ನು ನೆನೆದು, ಮನೆಯೊಳಗೆ ಕುಳಿತು ಆಡಿದ ಮಾತುಗಳನ್ನು ಎಣೆಯಿಲ್ಲದೆ ಸಂಗ್ರಹಿಸುವುದು ಅದಕ್ಕೆ ಹೇಗೆ ಹೊಂದೀತೆಂದು ಶಂಕಿಸಿ, 2014ರ ಜೂನ್ 18ರಂದು ಪ್ರಶ್ನೆಯನ್ನು ಲಕ್ಸೆಂಬರ್ಗಿನಲ್ಲಿರುವ ಯೂರೋಪು ಒಕ್ಕೂಟದ ನ್ಯಾಯಸ್ಥಾನಕ್ಕೆ ಕಳುಹಿಸಿದರು.

2015ನೆಯ ಇಸವಿ ಅಕ್ಟೋಬರ್ 6ರಂದು ತೀರ್ಪು ಬಂತು. 2000ದ ಏರ್ಪಾಡು ಅಸಿಂಧು. ನಾಲ್ಕು ಸಾವಿರಕ್ಕೂ ಹೆಚ್ಚು ಕಂಪೆನಿಗಳು ಯಾವುದರ ಮೇಲೆ ನಿಂತಿದ್ದುವೋ ಆ ಹಲಗೆಯು ಒಂದು ಬೆಳಗಿನಲ್ಲಿ ಸರಿದುಹೋಯಿತು. ಜನರ ವಿದ್ಯುತ್ಸಂದೇಶಗಳ ಒಳಗನ್ನು ಸಾರಾಸಗಟಾಗಿ ನೋಡಲು ಸರಕಾರಕ್ಕೆ ಎಡೆಗೊಡುವ ಕಾಯಿದೆಯು ಖಾಸಗಿ ಜೀವನದ ಹಕ್ಕಿನ ಸಾರವನ್ನೇ ಕೆಡಿಸುವುದೆಂದು ನ್ಯಾಯಸ್ಥಾನವು ಹೇಳಿತು. ಹುರುಳಿಲ್ಲವೆಂದು ಹಿಂದಿರುಗಿಸಿದ್ದ ಅರ್ಜಿಗೆ ಇದಕ್ಕಿಂತ ಹುರುಳು ಬೇಕೆ?

ಆದರೆ ಗೆಲುವನ್ನು ಅದರ ಅಳತೆಗಿಂತ ದೊಡ್ಡದು ಮಾಡಿ ಹೇಳುವುದು ಇತಿಹಾಸಕ್ಕೆ ಸಲ್ಲದು. ಹತ್ತು ತಿಂಗಳು ತುಂಬುವ ಮೊದಲೇ, 2016ರ ಜುಲೈಯಲ್ಲಿ, ಬಂದರಿನ ಬದಲು ಗುರಾಣಿಯೆಂಬ ಹೊಸ ಹೆಸರಿನಿಂದ ಎರಡನೆಯ ಏರ್ಪಾಡು ಬಂತು. ಶ್ರೆಮ್ಸನು ಮತ್ತೆ ಹೋರಾಡಿದನು. 2020ರ ಜುಲೈ 16ರಂದು ಅದೂ ಬಿದ್ದಿತು. 2023ರ ಮೇ ತಿಂಗಳಿನಲ್ಲಿ, ಅಷ್ಟರೊಳಗೆ ಮೆಟಾ ಎಂದು ಹೆಸರು ಬದಲಿಸಿಕೊಂಡಿದ್ದ ಕಂಪೆನಿಗೆ ಐರಿಷ್ ಅಧಿಕಾರಿಗಳು 120 ಕೋಟಿ ಯೂರೋ ದಂಡ ವಿಧಿಸಿದರು. ಅದೇ ಜುಲೈ 10ರಂದು ಮೂರನೆಯ ಏರ್ಪಾಡು ಜಾರಿಗೆ ಬಂತು. ಮೂರರಲ್ಲಿಯೂ ತಿರುಳಿನ ಭೇದಕ್ಕಿಂತ ಹೆಸರಿನ ಭೇದವೇ ಹೆಚ್ಚೆಂದು ಶ್ರೆಮ್ಸನ ಆಕ್ಷೇಪ. ವ್ಯಾಪಾರಿಗಳ ದೂರಿನಲ್ಲಿಯೂ ಅರ್ಥವಿಲ್ಲದಿಲ್ಲ: ಸಾಮಾನು ತುಂಬಿದ ಹಡಗು ಸಮುದ್ರದ ನಡುವೆ ಇರುವಾಗ ಬಂದರನ್ನು ಮುಚ್ಚಿದರೆ ನಾವಿಕನೇನು ಮಾಡಬೇಕು? ಸಾಮಾನ್ಯ ಸದಸ್ಯನ ದಿನಚರಿಯಲ್ಲಿ ಈ ತೀರ್ಪುಗಳಿಂದ ಕಣ್ಣಿಗೆ ಕಾಣುವ ಬದಲಾವಣೆಯೂ ಅಲ್ಪ. ದೊಡ್ಡ ಬದಲಾವಣೆ ಬಂದುದು 1995ರ ನಿಯಮಾವಳಿಯ ಸ್ಥಾನದಲ್ಲಿ 2018ರ ಮೇ 25ರಿಂದ ಜಾರಿಗೆ ಬಂದ ಹೊಸ ಕಾಯಿದೆಯಿಂದ. ಆ ಕಾಯಿದೆಯನ್ನು ಬಳಸಿಕೊಂಡು ಫಿರ್ಯಾದು ಹೂಡುವುದಕ್ಕೆಂದೇ ಶ್ರೆಮ್ಸನು 2017ರಲ್ಲಿ ವಿಯೆನ್ನಾದಲ್ಲಿ ಒಂದು ಸಂಘವನ್ನು ಕಟ್ಟಿದನು. ನಿಮಗೇಕೆ ಬೇಕು ನಮ್ಮ ಉಸಾಬರಿ ಎಂಬರ್ಥದ ಇಂಗ್ಲಿಷ್ ಮಾತಿನ ಮೊದಲಕ್ಷರಗಳೇ ಅದರ ಹೆಸರು.

ಆ ಕಾಯಿದೆಯು ಜಾರಿಗೆ ಬರುವ ಮುನ್ನ ಇನ್ನೊಂದು ಸಂಗತಿ ನಡೆಯಿತು. ಭಾರತವೂ ಸೇರಿದಂತೆ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕ ಮುಂತಾದೆಡೆಗಳ ಸುಮಾರು 150 ಕೋಟಿ ಸದಸ್ಯರ ಕರಾರನ್ನು ಫೇಸ್‌ಬುಕ್ ಕಂಪೆನಿಯು ಡಬ್ಲಿನ್ನಿನ ಶಾಖೆಯಿಂದ ತೆಗೆದು ಅಮೆರಿಕದ ಹೆಸರಿಗೆ ವರ್ಗಾಯಿಸಿತು. ಯೂರೋಪಿನ ಛತ್ರಿಯು ಬಿಚ್ಚಿಕೊಳ್ಳುವ ಹೊತ್ತಿಗೆ ಧಾರವಾಡದ ಗಿರಾಕಿಯು ಅದರ ಹೊರಗೆ ನಿಂತಿದ್ದನು. ಬೇರೆ ನೆರಳನ್ನು ಅವನು ತನ್ನ ದೇಶದಲ್ಲಿಯೇ ಅರಸಬೇಕಾಯಿತು.

ಆ ನೆರಳನ್ನು ಹುಡುಕಿದ ಕೀರ್ತಿಯ ಮುಖ್ಯ ಪಾಲು ಕನ್ನಡಿಗರೊಬ್ಬರಿಗೆ ಸೇರಿದೆ. ಭಾರತದ ಸುಪ್ರೀಂ ಕೋರ್ಟು 1954ರಲ್ಲಿ ಒಮ್ಮೆ, 1962ರ ಡಿಸೆಂಬರಿನಲ್ಲಿ ಖಡಕ್ ಸಿಂಗನ ಮೊಕದ್ದಮೆಯಲ್ಲಿ ಇನ್ನೊಮ್ಮೆ, ಖಾಸಗಿತನವು ಸಂವಿಧಾನದ ಮೂಲಭೂತ ಹಕ್ಕಲ್ಲವೆಂಬಂತೆ ನುಡಿದಿತ್ತು. ರುಜುವಾತಿಲ್ಲವೆಂದು ಬಿಡುಗಡೆಯಾದ ಮನುಷ್ಯನೊಬ್ಬನ ಮನೆಯ ಬಾಗಿಲನ್ನು ಪೋಲೀಸರು ರಾತ್ರಿ ಹೊತ್ತು ತಟ್ಟುತ್ತಿದ್ದ ಪ್ರಸಂಗವದು. ತಟ್ಟುವುದು ತಪ್ಪೆಂದ ನ್ಯಾಯಾಲಯವು, ಹಕ್ಕು ಮಾತ್ರ ಇಲ್ಲವೆಂದಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಜನರ ಬೆರಳಚ್ಚನ್ನೂ ಕಣ್ಣಿನ ಗುರುತನ್ನೂ ಶಾಸನದ ಆಧಾರವಿಲ್ಲದೆ ಸಂಗ್ರಹಿಸುವುದೆಂತು ಎಂಬುದು ಅವರ ಪ್ರಶ್ನೆ. 2015ರಲ್ಲಿ ಸರಕಾರದ ಪರವಾಗಿ ಆ ಎರಡು ಹಳೆಯ ತೀರ್ಪುಗಳನ್ನೇ ಮುಂದೊಡ್ಡಲಾಯಿತು.

ಈ ನಡುವೆ ದೆಹಲಿಯಲ್ಲಿ ಇಬ್ಬರು ವಿದ್ಯಾರ್ಥಿಗಳು ಶ್ರೆಮ್ಸನ ದಾರಿಯನ್ನೇ ಹಿಡಿದರು. 2014ರಲ್ಲಿ ವಾಟ್ಸ್‌ಆ್ಯಪ್ ಸಂಸ್ಥೆಯನ್ನು ಕೊಂಡುಕೊಂಡಿದ್ದ ಫೇಸ್‌ಬುಕ್ಕಿನೊಡನೆ ಸದಸ್ಯರ ವಿವರಗಳನ್ನು ಹಂಚಿಕೊಳ್ಳುವುದಾಗಿ ಆ ಸಂಸ್ಥೆಯು 2016ರ ಆಗಸ್ಟಿನಲ್ಲಿ ಪ್ರಕಟಿಸಿದಾಗ, ಇವರು ದೆಹಲಿಯ ಹೈಕೋರ್ಟಿಗೆ ಹೋದರು. ಸೆಪ್ಟೆಂಬರ್ 23ರಂದು ನ್ಯಾಯಾಲಯವು, 25ರೊಳಗಾಗಿ ಸೇವೆಯನ್ನು ಬಿಟ್ಟವರ ವಿವರಗಳನ್ನು ಅಳಿಸಬೇಕೆಂದೂ ಉಳಿದವರ ವಿಷಯದಲ್ಲಿ ಆ ದಿನಕ್ಕೆ ಹಿಂದಿನದನ್ನು ಹಂಚಿಕೊಳ್ಳಬಾರದೆಂದೂ ವಿಧಿಸಿತು. ಹಕ್ಕಿನ ಮೂಲಪ್ರಶ್ನೆಯು ಮೇಲಿನ ಪೀಠದ ಮುಂದಿದೆಯೆಂದು ಅದನ್ನು ಮುಟ್ಟಲಿಲ್ಲ. ಮುಂದೆ ಅವರು ಸುಪ್ರೀಂ ಕೋರ್ಟನ್ನೇರಿದರು.

2017ನೆಯ ಇಸವಿ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು ಒಮ್ಮತದಿಂದ, ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತಿತು. 1954 ಮತ್ತು 1962ರ ಮಾತುಗಳನ್ನು ಅಷ್ಟರಮಟ್ಟಿಗೆ ರದ್ದುಪಡಿಸಿತು. ತುರ್ತು ಪರಿಸ್ಥಿತಿಯ ಕಾಲದ, 1976ರ, ತಮ್ಮ ತಂದೆಯವರೇ ಭಾಗಿಯಾಗಿದ್ದ ತೀರ್ಪೊಂದನ್ನು ನ್ಯಾಯಮೂರ್ತಿ ಚಂದ್ರಚೂಡರು ತಪ್ಪೆಂದು ಹೇಳಿದುದೂ ಈ ಗ್ರಂಥದಷ್ಟು ದೀರ್ಘವಾದ ತೀರ್ಪಿನಲ್ಲಿಯೇ. ವಾರನ್ ಬ್ರಾಂಡೈಸರ ಲೇಖನವೂ ಅದರಲ್ಲಿ ಚರ್ಚೆಗೆ ಬಂದಿದೆ. ಮರುವರ್ಷ ಆಧಾರ್ ಕಾಯಿದೆಯನ್ನು ಅದೇ ನ್ಯಾಯಾಲಯವು ಕೆಲವು ವಿಧಿಗಳನ್ನು ತೆಗೆದುಹಾಕಿ ಎತ್ತಿಹಿಡಿಯಿತು. ಪುಟ್ಟಸ್ವಾಮಿಯವರು ಹಕ್ಕನ್ನು ಗೆದ್ದರೂ ವ್ಯಾಜ್ಯವನ್ನು ಪೂರ್ತಿಯಾಗಿ ಗೆಲ್ಲಲಿಲ್ಲವೆನ್ನಬೇಕು. ಅವರು 2024ರ ಅಕ್ಟೋಬರಿನಲ್ಲಿ, ತೊಂಬತ್ತೆಂಟನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು.

ಆ ತೀರ್ಪಿನ ಬೆನ್ನಿಗೆ ಬಂದ ಭಾರತದ ದತ್ತಾಂಶ ರಕ್ಷಣೆಯ ಕಾಯಿದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದುವು, ಹಂತ ಹಂತವಾಗಿ ಜಾರಿಗೆ ಬರತಕ್ಕುವು. ತನ್ನ ವಿಷಯವಾಗಿ ಏನನ್ನು ಇಟ್ಟುಕೊಂಡಿದ್ದೀರಿ ಎಂದು ಕಂಪೆನಿಯನ್ನು ಕೇಳುವ ಹಕ್ಕು ಅದರಲ್ಲಿಯೂ ಇದೆ, ಹನ್ನೊಂದನೆಯ ವಿಧಿಯಲ್ಲಿ. ಹಾಗೆ ಕೇಳಿದವನಿಗೆ ಕೊಡತಕ್ಕುದು ಅವನ ವಿವರಗಳ ಸಾರಾಂಶವೆಂದು ಆ ವಿಧಿಯ ಮಾತು. ವಿಯೆನ್ನಾದ ವಿದ್ಯಾರ್ಥಿಯು 1,222 ಪುಟಗಳನ್ನು ಪಡೆದೂ ಇದು ಪೂರ್ಣವಲ್ಲವೆಂದು ದಾವೆ ಹೂಡಿದ್ದನು. ಆ ಕೊರತೆಗಾಗಿ ಅವನಿಗೆ 2020ರ ಡಿಸೆಂಬರಿನಲ್ಲಿ ಅಲ್ಲಿನ ನ್ಯಾಯಸ್ಥಾನವು ಕೊಡಿಸಿದ ಪರಿಹಾರ 500 ಯೂರೋ.